ಸಭೆ ಮುಗಿದ ಮೇಲೆ ಬಂದ ನೋಟಿಸು

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಬೇಲೂರು ಕಡೆಯ ಒಬ್ಬ ಹೆಣ್ಣುಮಗಳು ನನ್ನ ಕಚೇರಿಗೆ ಬಂದಿದ್ದರು. ಬ್ಯಾಗಿನಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಕಂಪನಿ ಸಭೆಯ ನೋಟಿಸು. ಸಭೆ 10ನೇ ತಾರೀಖು. ಲಕೋಟೆಯ ಮೇಲಿನ ಅಂಚೆ ಮುದ್ರೆ 12ನೇ ತಾರೀಖಿನದು. "ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಕಳಿಸಿದ್ದಾನೆ ಸಾರ್, ನಮ್ಮಣ್ಣ" ಅಂದರು.

ಮನೆಯ ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿ ಹೇಳುತ್ತೇನೆ. ಸಕಲೇಶಪುರದ ಹತ್ತಿರ ಇವರಪ್ಪನ ಕಾಫಿ ತೋಟ. ಅದನ್ನು ಅವರು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ ಹೋಗಿದ್ದರು. ಒಟ್ಟು 1,000 ಷೇರು. ಈಕೆಗೆ 150, ಉಳಿದವು ಅಮ್ಮನಿಗೆ ಮತ್ತು ಇಬ್ಬರು ಅಣ್ಣಂದಿರಿಗೆ. ದೊಡ್ಡಣ್ಣನೇ ಮ್ಯಾನೇಜಿಂಗ್ ಡೈರೆಕ್ಟರ್. ಆ ಸಭೆಯಲ್ಲಿ ಹೊಸದಾಗಿ 1,500 ಷೇರು ಹುಟ್ಟಿದವು. ಎಲ್ಲವೂ ದೊಡ್ಡಣ್ಣನ ಹೆಂಡತಿ, ಮಗನ ಹೆಸರಿಗೆ. ತಂಗಿಯ ಪಾಲು ನೂರಕ್ಕೆ 15 ಇದ್ದದ್ದು 6ಕ್ಕೆ ಇಳಿಯಿತು. ತೋಟದಲ್ಲಿ ಒಂದು ಗಿಡವೂ ಅಲ್ಲಾಡಲಿಲ್ಲ.

"ಷೇರು ಕೊಡೋ ಅಧಿಕಾರ ನನಗಿದೆ" ಅನ್ನುವುದು ಅಣ್ಣನ ಮಾತು. ಇದೆ, ಇಲ್ಲ ಅಂತ ಯಾರು ಹೇಳಿದರು? ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಗೋಡೌನ್ ಬೀಗದ ಕೈ ಇರುತ್ತದೆ. ಹಾಗಂತ ಒಳಗಿನ ಕಾಫಿ ಚೀಲ ಅವನದಾಗುತ್ತದಾ? 2013ರ ಕಂಪನಿ ಕಾಯ್ದೆಯ 166ನೇ ಕಲಂ ಪ್ರಕಾರ ನಿರ್ದೇಶಕ ಎಲ್ಲಾ ಸದಸ್ಯರ, ಅಂದರೆ ಷೇರುದಾರರ, ಹಿತಕ್ಕಾಗಿ ಪ್ರಾಮಾಣಿಕವಾಗಿ ನಡೆದುಕೊಳ್ಳಬೇಕು. ತನಗೋ ತನ್ನವರಿಗೋ ಅನುಚಿತ ಲಾಭ ಮಾಡಿಕೊಂಡರೆ ಅಷ್ಟೂ ಹಣವನ್ನು ಕಂಪನಿಗೆ ಕಟ್ಟಿಕೊಡಬೇಕು. ಹೊಸ ಷೇರು ಹೊರಡಿಸಿದರೆ ಸಾಮಾನ್ಯವಾಗಿ ಮೊದಲು ಇರುವ ಷೇರುದಾರರಿಗೇ, ಅವರವರ ಪಾಲಿನ ಲೆಕ್ಕದಲ್ಲಿ ಕೊಡಬೇಕು. ಕಂಪನಿಯ ನಿಯಮಾವಳಿ ಬೇರೆ ಹೇಳದಿದ್ದರೆ ಸಾಮಾನ್ಯ ಸಭೆಗೆ 21 ದಿನ ಮುಂಚೆ ನೋಟಿಸು ಬೇಕು.

ಈ ಲಕೋಟೆ ನೋಡಿದಾಗ ನನಗೆ ನೆನಪಾದದ್ದು ನೀಲಗಿರಿಯ ಒಂದು ಸೂಜಿ ಕಂಪನಿ, ನೀಡಲ್ ಇಂಡಸ್ಟ್ರೀಸ್. ಅಲ್ಲೂ ಹೊಸ ಷೇರು ಕೊಳ್ಳುತ್ತೀರಾ ಎಂದು ಕೇಳುವ ಪತ್ರ ವಿದೇಶಿ ಪಾಲುದಾರರಿಗೆ ತಡವಾಗಿಯೇ ಸಿಕ್ಕಿತ್ತು. ಪತ್ರದಲ್ಲಿದ್ದ ತಾರೀಖು 1977ರ ಏಪ್ರಿಲ್ 14. ಅಂಚೆಗೆ ಬಿದ್ದದ್ದು 27ಕ್ಕೆ. 1981ರಲ್ಲಿ ಸುಪ್ರೀಂ ಕೋರ್ಟು ಆ ಷೇರುಗಳನ್ನು ರದ್ದು ಮಾಡಲಿಲ್ಲ. ವಿದೇಶಿ ಪಾಲು ಇಳಿಸಲೇಬೇಕು ಎಂಬ ಕಾನೂನು ಆಗ ಇತ್ತು, ಅಂದರೆ ಕಂಪನಿಗೆ ನಿಜವಾದ ಅಗತ್ಯವಿತ್ತು. ಆದರೂ ವಿದೇಶಿ ಪಾಲುದಾರರ ನಷ್ಟ ತುಂಬಲು 8,54,550 ರೂಪಾಯಿ ಕೊಡಿಸಿತು. ಬರೀ ತಮ್ಮ ಹಿಡಿತ ಗಟ್ಟಿ ಮಾಡಿಕೊಳ್ಳಲು ಷೇರು ಹೊರಡಿಸಿದ್ದರೆ ಅದು ನಿಲ್ಲುವುದಿಲ್ಲ ಅಂತಲೂ ಹೇಳಿತು.

ಹಾಗಾಗಿ ಈ ತೋಟದಲ್ಲೂ ಕೇಳಬೇಕಾದ್ದು ಒಂದೇ. ಹೊಸ ಷೇರಿನ ದುಡ್ಡು ಯಾಕೆ ಬೇಕಿತ್ತು? ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹೊಸ ಪಲ್ಪರ್ ತಂದರಾ? ಬ್ಯಾಂಕಿನ ಸಾಲ ತೀರಿಸಿದರಾ? ಅಥವಾ ಸುಮ್ನೆ ತಂಗಿಯನ್ನು ಮೂಲೆಗೆ ತಳ್ಳುವುದಕ್ಕಾ?

ಎಲ್ಲಾ ಮನಸ್ತಾಪವೂ ದಬ್ಬಾಳಿಕೆ ಅಲ್ಲ, ಇದನ್ನೂ ಹೇಳಿಬಿಡಬೇಕು. ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟ ವರ್ಷ ಡಿವಿಡೆಂಡ್, ಅಂದರೆ ಲಾಭದ ಪಾಲು, ಬರದಿದ್ದರೆ ಅಣ್ಣನ ಮೇಲೆ ಕೇಸು ನಿಲ್ಲುವುದಿಲ್ಲ.

"ನನ್ನ ಹತ್ತಿರ ಈಗ ಶೇಕಡಾ 10 ಇಲ್ಲವಲ್ಲ, ಕೇಸು ಹಾಕೋಕೇ ಆಗಲ್ವಂತೆ" ಅಂತ ಅವರಿಗೆ ಯಾರೋ ಹೆದರಿಸಿದ್ದರು. ಈ ತಪ್ಪು ತಿಳಿವಳಿಕೆ ವಕೀಲರಲ್ಲೂ ಇದೆ. ದಬ್ಬಾಳಿಕೆಯ ಕೇಸು ಯಾರು ಹಾಕಬಹುದು ಅಂತ ಹೇಳುವ ಅದೇ ಕಾಯ್ದೆಯ 244ನೇ ಕಲಂ ಬಂಡವಾಳದ ಹತ್ತನೇ ಒಂದು ಪಾಲನ್ನಷ್ಟೇ ಕೇಳುವುದಿಲ್ಲ. ಸದಸ್ಯರ ತಲೆ ಎಣಿಸಿ ಹತ್ತರಲ್ಲೊಬ್ಬರು ಬಂದರೂ ಸಾಕು. ಈ ಕಂಪನಿಯಲ್ಲಿ ಈಗ ಇರುವುದು ಆರೇ ಜನ. ಈಕೆ ಒಬ್ಬರೇ ಸಾಕು. ಹೋಗಬೇಕಾದ್ದು ಹಾಸನದ ಸಿವಿಲ್ ಕೋರ್ಟಿಗಲ್ಲ, ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ. ಅದು ಷೇರು ಹಂಚಿಕೆ ರದ್ದು ಮಾಡಬಹುದು, ನಿರ್ದೇಶಕರನ್ನು ತೆಗೆಯಬಹುದು, ಇವರ ಷೇರನ್ನು ನ್ಯಾಯವಾದ ಬೆಲೆಗೆ ಕೊಂಡುಕೊಳ್ಳಿ ಅಂತ ಅಣ್ಣನಿಗೆ ಹೇಳಬಹುದು.

ಕೊಂಡುಕೊಳ್ಳುವ ಮಾತು ಬಂದಾಗ ಅವರ ಮುಖ ಬಾಡಿತು. "ಅಪ್ಪ ನೆಟ್ಟ ಗಿಡ ಸಾರ್. ನಂಗೆ ದುಡ್ಡು ಬೇಡ. ನನ್ನ 15 ನಂಗೆ ಬರಲಿ" ಅಂದರು. ಅಮ್ಮ ಇನ್ನೂ ಇದ್ದಾರೆ, ಮೊದಲು ಅಣ್ಣನಿಗೇ ಒಂದು ಕಾಗದ ಬರೆಯೋಣ ಅಂದರು. ಬರೆದೆವು. ಸಭೆಯ ನಡಾವಳಿಯ ಪ್ರತಿ ಕೇಳಿದೆವು, ಆ ದುಡ್ಡು ಯಾಕೆ ಬೇಕಿತ್ತು ಅಂತಲೂ ಕೇಳಿದೆವು. ಸ್ಪೀಡ್ ಪೋಸ್ಟಿನ ರಸೀದಿಯನ್ನು ಅವರು ಆ ಹಳೇ ಲಕೋಟೆಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟುಕೊಂಡು ಬೇಲೂರು ಬಸ್ಸು ಹತ್ತಿದರು.