ಗಡಿ ಮೊದಲೋ, ನೆರವು ಮೊದಲೋ?

ಕೇಳುಗರಿಗೆಲ್ಲಾ ನಮಸ್ಕಾರ್ರೀ. ಇವತ್ತ ಉಕ್ರೇನ್ ಯುದ್ಧದ ಬಗ್ಗೆ, ಅದರಾಗೂ ಆ ದೇಶಕ್ಕ ಅಮೆರಿಕಾ ಹತ್ಯಾರ ಕೊಡಬೇಕೋ ಬ್ಯಾಡೋ ಅಂತ ಅಲ್ಲಿ ದೊಡ್ಡ ಜಗಳ ನಡೀತಲ್ಲ, ಅದರ ಬಗ್ಗೆ ಮಾತಾಡ್ತೀನಿ. ಕಲಬುರಗ್ಯಾಗ ಕುಂತು ವಾಷಿಂಗ್ಟನ್ ಮಾತ್ಯಾಕ್ರೀ ಅಂದ್ರ, ಆ ಯುದ್ಧ ನಮ್ಮ ಜಿಲ್ಲಾದ ಮನಿ ಬಾಗಲಿಗೂ ಬಂದು ಹೋಗ್ಯಾದ. 2024ರ ಫೆಬ್ರವರಿಯಾಗ ನಮ್ಮ ಕಲಬುರಗಿ ಹುಡುಗ್ರು ರಷ್ಯಾದಾಗ ಸಿಕ್ಕೊಂಡಾರಂತ ಸುದ್ದಿ ಬಂತಲ್ರಿ, ನೆನಪದ ಇಲ್ಲ? ಸೆಕ್ಯುರಿಟಿ ಕೆಲಸ ಅದ, ಪಗಾರ ಭಾರಿ ಅದ ಅಂತ ಏಜೆಂಟರು ಕರ್ಕೊಂಡು ಹೋಗಿ, ಅಲ್ಲಿ ಕೈಯಾಗ ಬಂದೂಕು ಕೊಟ್ಟು ಫ್ರಂಟಿಗೆ ನೂಕಿದ್ರು. ಗುಜರಾತಿನ ಒಬ್ಬ ಹುಡುಗ ಅದೇ ತಿಂಗಳ ಡ್ರೋನ್ ದಾಳಿಯಾಗ ಸತ್ತ. ನಮ್ಮವ್ರು ತಿರಗಿ ಮನಿ ಮುಟ್ಟಿದ್ದು ಸೆಪ್ಟೆಂಬರಿನಾಗ. ಅಷ್ಟು ತಿಂಗಳ ಆ ತಾಯಂದ್ರು ಫೋನ್ ಕೈಯಾಗ ಹಿಡ್ಕೊಂಡೇ ಮಲಗಿರಬೇಕು. ಹಿಂಗಿದ್ದ ಮ್ಯಾಲ ದೂರದ ಯುದ್ಧ ಅನ್ನೋ ಮಾತು ನನಗಂತೂ ಒಪ್ಪಂಗಿಲ್ಲ.

ಈಗ ಜಗಳದ ಮಾತಿಗಿ ಬರ್ತೀನಿ. 2022ರ ಫೆಬ್ರವರಿ 24ಕ್ಕ ರಷ್ಯಾ ಉಕ್ರೇನಿನ ಮ್ಯಾಲ ಬಿತ್ತು. ಮೊದಲ ಒಂದೂವರಿ ವರ್ಷ ಅಮೆರಿಕಾದಾಗ ಎರಡೂ ಪಕ್ಷದವ್ರು ಹೆಚ್ಚುಕಮ್ಮಿ ಕೂಡೇ ನೆರವು ಕೊಟ್ರು. 2023ರ ಅಕ್ಟೋಬರಿನಾಗ ಅಧ್ಯಕ್ಷ ಬೈಡನ್ ಮತ್ತ ರೊಕ್ಕ ಕೇಳಿದ್ರು, ಸುಮಾರು 106 ಬಿಲಿಯನ್ ಡಾಲರ್, ಅದರಾಗ ಉಕ್ರೇನಿಗೆ 61ರ ಮ್ಯಾಲ, ಇಸ್ರೇಲಿಗೆ 14ರ ಮ್ಯಾಲ, ಮೆಕ್ಸಿಕೋ ಗಡಿಗೂ ಸುಮಾರು 14, ಎಲ್ಲಾ ಒಂದೇ ಗಂಟಿನಾಗ ಕಟ್ಟಿ ಇಟ್ರು. ಆಗ ಬೈಡನ್ ಅವ್ರ ಡೆಮಾಕ್ರಾಟ್ ಪಕ್ಷದ ಎದುರಿನ ರಿಪಬ್ಲಿಕನ್ ಮಂದಿ ಅಂದ್ರು, ಬರೇ ರೊಕ್ಕ ಬ್ಯಾಡ, ಗಡಿ ಕಾನೂನ ಬದಲಾಗಬೇಕು, ಅಲ್ಲೀತನ ಉಕ್ರೇನಿಗೆ ಒಂದು ಪೈಸಾನೂ ಇಲ್ಲ.

ಗಡಿ ಬಗ್ಗೆ ಅವ್ರು ಹೇಳಿದ್ದು ಸುಳ್ಳಲ್ಲ ನೋಡ್ರಿ. ಇದನ್ನ ನಾ ಒತ್ತಿ ಹೇಳ್ತೀನಿ, ಯಾಕಂದ್ರ ಉಕ್ರೇನ್ ಪರ ಮಾತಾಡೋರು ಬಹಳಷ್ಟು ಮಂದಿ ಗಡಿ ಚಿಂತಿ ಅನ್ನೋದನ್ನ ಬರೇ ದ್ವೇಷ ಅಂತ ತಳ್ಳಿ ಹಾಕ್ತಾರ. 2023ರ ಡಿಸೆಂಬರ್ ಒಂದೇ ತಿಂಗಳಿನಾಗ ಆ ಗಡಿ ದಾಟಿ ಬಂದು ಸಿಕ್ಕವ್ರು ಎರಡೂವರಿ ಲಕ್ಷದ ಹತ್ರ. ಗಡಿ ಮ್ಯಾಲಿನ ಟೆಕ್ಸಾಸ್ ರಾಜ್ಯದ ಈಗಲ್ ಪಾಸ್‌ನಂಥಾ ಸಣ್ಣ ಊರಿಗಿ ಅಷ್ಟು ಮಂದಿ ಒಮ್ಮೆಲೇ ಬಂದ್ರ ದವಾಖಾನಿ, ನೀರು, ಇರೋ ಜಾಗ ಎಲ್ಲಿಂದ ತರಬೇಕ್ರೀ? ಬಂದವ್ರರೆ ಏನು ಮೋಜಿಗಿ ಬಂದವ್ರಾ, ಕೈಗೂಸು ಎತ್ಕೊಂಡು ಕಾಡು ಹೊಳಿ ದಾಟಿ ಬಂದವ್ರು. ಇಬ್ಬರದೂ ಸಂಕಟ ಖರೇನೇ.

ಸೆನೆಟ್ ಅಂದ್ರ ಅಲ್ಲಿನ ಮೇಲ್ಮನಿ, ಅದರ ಮೂರು ಮಂದಿ ಸದಸ್ಯರು, ಒಕ್ಲಹೋಮಾದ ಲ್ಯಾಂಕ್‌ಫರ್ಡ್, ಕನೆಕ್ಟಿಕಟ್‌ನ ಮರ್ಫಿ, ಅರಿಜೋನಾದ ಸಿನೆಮಾ, ಒಬ್ರು ರಿಪಬ್ಲಿಕನ್, ಒಬ್ರು ಡೆಮಾಕ್ರಾಟ್, ಒಬ್ರು ಸ್ವತಂತ್ರ, ತಿಂಗಳಾನುಗಟ್ಲೆ ಕುಂತು ಗಡಿ ಕಾನೂನಿನ ಒಂದು ಮಸೂದೆ ಮಾಡಿದ್ರು, ಉಕ್ರೇನ್ ನೆರವೂ ಅದರ ಜೋಡಿನೇ ಇತ್ತು. ದಿನಕ್ಕ ಸರಾಸರಿ 5,000 ಮಂದಿ ಬರೋದು ಒಂದು ವಾರ ನಡದ್ರ ಗಡಿ ಬಂದ್ ಮಾಡಲೇಬೇಕು ಅಂತ ಅದರಾಗ ಇತ್ತು. ಅಷ್ಟು ಗಟ್ಟಿ ಗಡಿ ಕಾನೂನ ಅಲ್ಲಿ ಭಾಳ ವರ್ಷದಿಂದ ಯಾರೂ ತಂದಿದ್ದಿಲ್ಲ. 2024ರ ಫೆಬ್ರವರಿ 4ಕ್ಕ ಹೊರಗ ಬಂತು. ಚುನಾವಣೆಗೆ ನಿಂತಿದ್ದ ಟ್ರಂಪ್ ಅವ್ರು ಬ್ಯಾಡ ಅಂದ್ರು. ಮೂರೇ ದಿನಕ್ಕ, ಫೆಬ್ರವರಿ 7ರಂದು ವೋಟಿಗಿ ಹಾಕಿದ್ರು, ಮುಂದ ಹೋಗಾಕ 60 ಬೇಕಿತ್ತು, ಬಿದ್ದಿದ್ದು 49, ವಿರುದ್ಧ 50. ಗಡಿ ಗಡಿ ಅಂತ ನಾಕು ತಿಂಗಳ ಕೂಗಿದವ್ರೇ ಗಡಿ ಮಸೂದೆ ಕೆಡವಿದ್ರು. ಕೆಲವು ಡೆಮಾಕ್ರಾಟರೂ ಬೇರೆ ಕಾರಣಕ್ಕ ಬ್ಯಾಡ ಅಂದ್ರು, ಅದೂ ಖರೇ. ಆದ್ರ ಪೆಟ್ಟು ಕೊಟ್ಟವ್ರು ಯಾರಂತ ಎಲ್ಲಾರಿಗೂ ಗೊತ್ತದ.

ಅಷ್ಟೊತ್ತಿಗಿ ಫ್ರಂಟಿನಾಗ ಏನಾಗ್ಲಕತ್ತಿತ್ತು? ಸೈನಿಕ ನೆರವು ಅಂದ್ರ ಡಾಲರ್ ಚೀಲ ತುಂಬಿ ವಿಮಾನದಾಗ ಕಳಸ್ತಾರಂತ ನಮ್ಮ ಕಡಿ ಬಹಳ ಮಂದಿ ತಿಳ್ಕೊಂಡಾರ. ಹಂಗಲ್ರಿ ಅದು. ತಮ್ಮ ಗೋದಾಮಿನಾಗಿನ ಹಳೇ ಸಾಮಾನು ಉಕ್ರೇನಿಗೆ ಕೊಡ್ತಿದ್ರು, ಖಾಲಿ ಆದ ಜಾಗಕ್ಕ ಹೊಸದು ಮಾಡ್ಸಾಕ ಆ ರೊಕ್ಕದ ದೊಡ್ಡ ಪಾಲು ಅಮೆರಿಕಾದ ಫ್ಯಾಕ್ಟರಿಗಳಿಗೇ ಹೋಗ್ತಿತ್ತು. ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಅನ್ನೋ ಊರಾಗ ಉಕ್ಕಿನ ದಿಮ್ಮಿ ಕತ್ತರಿಸಿ, ಕೆಂಪಗ ಕಾಸಿ, ಪ್ರೆಸ್ಸಿನಾಗ ಒತ್ತಿ 155 ಮಿಲಿಮೀಟರ್ ತೋಪಿನ ಗುಂಡು ಮಾಡ್ತಾರ, ಆಮ್ಯಾಲ ಅಯೋವಾಕ್ಕ ಒಯ್ದು ಮದ್ದು ತುಂಬ್ತಾರ. ಒಂದೊಂದು ಗುಂಡು 45 ಕಿಲೋದ ಹತ್ರ ತೂಗ್ತದ, ನಮ್ಮ ನೆಹರು ಗಂಜಿನಾಗ ಹಮಾಲರು ಹೊರೋ ತೊಗರಿ ಚೀಲಕ್ಕಿಂತ ಒಂದೀಟು ಕಮ್ಮಿ. ಇಂಥಾ ಗುಂಡು ತೋಪಿಗಿ ಒಂದೊಂದೇ ಹೇರಬೇಕು, ಚಳಿ ರಾಡ್ಯಾಗ ನಿಂತು. ವಾಷಿಂಗ್ಟನ್‌ನಾಗ ಗಂಟು ಬಿಚ್ಚದಕ್ಕ ಆ ತೋಪುಗೋಳು ಖಾಲಿ ಕುಂತ್ವು. ಫೆಬ್ರವರಿ 17ಕ್ಕ ಅವದೀವ್ಕಾ ಅನ್ನೋ ಊರು ಕೈಬಿಟ್ಟು ಉಕ್ರೇನ್ ಸೈನ್ಯ ಹಿಂದ ಸರೀತು. ಏಪ್ರಿಲ್ ತಿಂಗಳಾಗ ಅಮೆರಿಕಾದ ಜನರಲ್ ಕವೋಲಿ ಅವ್ರು ಸಂಸದರ ಮುಂದ ಹೇಳಿದ್ರು, ರಷ್ಯಾ ಐದು ಗುಂಡು ಹೊಡದ್ರ ಉಕ್ರೇನ್ ಒಂದು ಹೊಡೀತದ, ಹಿಂಗೇ ಬಿಟ್ರ ಕೆಲವೇ ವಾರದಾಗ ಹತ್ತಕ್ಕೊಂದು ಆಗ್ತದ ಅಂತ.

ನೆರವು ಕೊಡಂಗಿಲ್ಲ ಅಂತ ಖಡಾಖಂಡಿತ ಹೇಳಿದ್ರ ಅದು ಒಂದು ಮಾತು, ಕೇಳಿದವ ಬೇರೆ ದಾರಿ ನೋಡ್ಕೊಂತಾನ. ಕೊಡ್ತೀವಿ ಆದ್ರ ಇದಾಗ್ಲಿ ಅದಾಗ್ಲಿ ಅಂತ ತಿಂಗಳಾನುಗಟ್ಲೆ ಕಾಯ್ಸೋದು ಅದಕ್ಕಿಂತ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ.

ತಡ ಆದ್ರ ಏನಾಗ್ತದ ಅನ್ನೋದು ಈ ಸೀಮಿಗಿ ಗೊತ್ತದ. 1948ರಾಗ ನಿಜಾಮನ ರಾಜ್ಯದಾಗ ರಜಾಕಾರರ ಹಾವಳಿ ಇದ್ದಾಗ ಬಸವಕಲ್ಯಾಣ ಕಡಿ ಗೋರ್ಟಾದಾಗ ಏನಾತು ಅನ್ನೋದು ನಮ್ಮ ಹಿರಿಯರಿಗೆ ಬಾಯಿಪಾಠ ಅದ. ಆ ಊರಾಗ ಕೊಲೆ ಆಗಿದ್ದು ಮೇ ತಿಂಗಳಾಗ, ಭಾರತದ ಸೈನ್ಯ ಒಳಗ ಬಂದಿದ್ದು ಸೆಪ್ಟೆಂಬರ್ 13ಕ್ಕ. ನಡುವಿನ ನಾಕು ತಿಂಗಳಿನಾಗ ದಿಲ್ಲಿ ಜೋಡಿ ಮಾತುಕತಿ ನಡದು ಜೂನಿನಾಗ ಮುರದು ಬಿತ್ತು, ಇಲ್ಲಿ ಮಂದಿ ಗಡಿ ದಾಟಿ ಸೊಲ್ಲಾಪುರ ಕಡಿ ಓಡ್ಲಕತ್ತಿದ್ರು, ಅಂದ್ರ ನಮ್ಮವ್ರೂ ಗಡಿ ದಾಟಿದ ನಿರಾಶ್ರಿತರೇ ಆಗಿದ್ರು. ಅದೇ ವರ್ಷ ಸಿಡ್ನಿ ಕಾಟನ್ ಅನ್ನೋ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ಕದ್ದು ವಿಮಾನದಾಗ ನಿಜಾಮನಿಗೆ ಹತ್ಯಾರ ತಂದು ಹಾಕ್ತಿದ್ದ, ಅವು ಇಳೀತಿದ್ದ ಜಾಗದಾಗ ಬೀದರೂ ಒಂದು. ಹೊರಗಿನ ಹತ್ಯಾರ ಅಂದ ಕೂಡ್ಲೇ ಒಳ್ಳೇದು ಅಂತಾಗ್ಲಿ ಕೆಟ್ಟದ್ದು ಅಂತಾಗ್ಲಿ ಹೇಳಾಕ ಬರಂಗಿಲ್ಲ, ಯಾರ ಕೈಗಿ, ಯಾತಕ್ಕ ಹೋಗ್ತದ ಅನ್ನೋದು ನೋಡಬೇಕು. ಸೈನ್ಯ ಬಂದ ಮ್ಯಾಲ ಇದೇ ಬೀದರ್ ಗುಲ್ಬರ್ಗಾ ಸೀಮ್ಯಾಗ ಎಷ್ಟೋ ಅಮಾಯಕ ಮುಸ್ಲಿಂ ಮನಿಗಳು ಹಾಳಾದ್ವು, ಭಾರತ ಸರ್ಕಾರ ಕಳಸಿದ್ದ ಸುಂದರಲಾಲ್ ಕಮಿಟಿ ಅದನ್ನ ಬರದಿಟ್ಟದ. ಬಂದೂಕು ಕೊಡೋರು, ಕಳಸೋರು ಆಮ್ಯಾಲಿನದೂ ಜವಾಬ್ದಾರಿ ಹೊರಬೇಕು ಅಂತ ನಾ ಹೇಳೋದು ಇದಕ್ಕೇ.

ಉಕ್ರೇನ್ ಮಟ್ಟಿಗಿ ನನಗ ಅನುಮಾನ ಇಲ್ಲ. 1994ರಾಗ ಬುಡಾಪೆಸ್ಟಿನಾಗ ಅಮೆರಿಕಾ, ಬ್ರಿಟನ್, ರಷ್ಯಾ ಮೂರೂ ಸೇರಿ ನಿನ್ನ ಗಡಿ ಮುಟ್ಟಂಗಿಲ್ಲ ಅಂತ ಬರದು ಕೊಟ್ಟ ಮ್ಯಾಲ ತನ್ನ ನೆಲದಾಗಿನ ಅಣುಬಾಂಬು ಬಿಟ್ಟುಕೊಟ್ಟ ದೇಶ ಅದು. ಸಹಿ ಹಾಕಿದವ್ರಿಗೆ ಋಣ ಇಲ್ಲೇನು?

ಕಡೀಕ ಏನಾತಂದ್ರ, ಕೆಳಮನಿಯ ಸ್ಪೀಕರ್, ರಿಪಬ್ಲಿಕನ್ ಪಕ್ಷದ ಮೈಕ್ ಜಾನ್ಸನ್ ಅವ್ರು ತಮ್ಮ ಪಕ್ಷದವ್ರ ಸಿಟ್ಟು ಕಟ್ಕೊಂಡು ಗಂಟು ಬಿಚ್ಚಿ ಒಂದೊಂದು ವಿಷಯಕ್ಕ ಬೇರೆ ಬೇರೆ ವೋಟು ಇಟ್ರು. 2024ರ ಏಪ್ರಿಲ್ 20ಕ್ಕ ಉಕ್ರೇನ್ ನೆರವು 311ಕ್ಕ 112ರಂಗ ಪಾಸಾತು, 24ಕ್ಕ ಬೈಡನ್ ಸಹಿ ಹಾಕಿದ್ರು. ಅಂದ್ರ ಬೆಂಬಲ ಮೊದಲಿಂದನೂ ಇತ್ತು, ಕೇಳೋ ರೀತಿ ಕೆಟ್ಟಿತ್ತು. ಗಡಿ ಮಸೂದೆ ಒಂದನ್ನೇ ಮೇ ತಿಂಗಳಾಗ ಮತ್ತ ಸೆನೆಟಿನಾಗ ಇಟ್ರು, ಅಷ್ಟೊತ್ತಿಗಿ ಎರಡೂ ಕಡಿ ನಂಬಿಕಿ ಹೋಗಿತ್ತು, 43 ವೋಟಷ್ಟೇ ಬಿದ್ವು. ಜೂನಿನಾಗ ಬೈಡನ್ ಅವ್ರು ಆದೇಶದ ಮ್ಯಾಲೇ ಗಡಿ ಬಿಗಿ ಮಾಡಿದ್ರು.

ಮೊದಲು ನಮ್ಮ ಗಡಿ, ಆಮ್ಯಾಲ ನೆರವು ಅಂತ ನಮ್ಮಾಗೂ ಬಹಳ ಮಂದಿ ಅಂತಾರ, ಚಾ ಅಂಗಡಿಯಾಗ ದಿನಾ ಕೇಳ್ತೀನಿ. ಅವ್ರಿಗೆ ನಾ ಹೇಳೋದು 2025ರ ಮಾತು. ಟ್ರಂಪ್ ಅಧ್ಯಕ್ಷ ಆದ ಮ್ಯಾಲ, ಆ ವರ್ಷ ಫೆಬ್ರವರಿಯಾಗ, ಮೆಕ್ಸಿಕೋ ಗಡಿ ದಾಟಿ ಸಿಕ್ಕವ್ರು ಹತ್ತು ಸಾವಿರಕ್ಕಿಂತಾ ಕಮ್ಮಿ, ಎಷ್ಟೋ ದಶಕದಾಗ ಇಷ್ಟು ಕಮ್ಮಿ ಆಗಿದ್ದಿಲ್ಲ. ಗಡಿ ಗಟ್ಟಿ ಆತಲ್ರೀ, ಇನ್ನ ನೆರವಿಗಿ ಅಡ್ಡಿ ಏನಿತ್ತು? ಮಾರ್ಚ್ ಮೊದಲ ವಾರದಾಗೇ ಉಕ್ರೇನಿಗೆ ಹೋಗೋ ಹತ್ಯಾರ ನಿಲ್ಲಿಸಿದ್ರು, ಮತ್ತ ಬಿಟ್ಟಿದ್ದು 11ನೇ ತಾರೀಖಿಗೆ, ಆ ಸಲ ಗಡಿ ಹೆಸರು ಯಾರೂ ಎತ್ತಲಿಲ್ಲ. ನಮಸ್ಕಾರ್ರೀ.