ಇಪ್ಪತ್ನಾಲ್ಕು ಇದ್ದದ್ದು ಎರಡಾಯಿತು

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ರಾಜಕಾರಣಿಗಳ ಬಗ್ಗೆ. ಅವರಿಗೆ ಜನರ ನಡುವೆ ಇರುವ ಹೆಸರು, ಅವರ ಮೇಲೆ ನಾವು ಇಡುವ ಅಥವಾ ಇಡದ ನಂಬಿಕೆ, ಇಷ್ಟೇ ವಿಷಯ. ಯಾವ ಪಕ್ಷದ ಪರವಾಗಿಯೂ ಮಾತಾಡುವುದಿಲ್ಲ, ಗಾಬರಿಯಾಗಬೇಡಿ. ರೇಡಿಯೊದವರು ಅದಕ್ಕೆ ಬಿಡುವುದೂ ಇಲ್ಲ.

ಮೊದಲು ಒಂದು ಸಣ್ಣ ಲೆಕ್ಕ ಹೇಳುತ್ತೇನೆ. 1956ರವರೆಗೆ ಕೊಡಗು ಬೇರೆಯೇ ರಾಜ್ಯ. 1952ರಿಂದ ಚೆಪ್ಪುಡಿರ ಪೂಣಚ್ಚ ಮುಖ್ಯಮಂತ್ರಿ. ವಿಧಾನಸಭೆಯಲ್ಲಿ 24 ಜನ. ಅವರಲ್ಲಿ 15 ಮಂದಿ ಕಾಂಗ್ರೆಸ್, 9 ಮಂದಿ ಪಂದ್ಯಂಡ ಬೆಳ್ಯಪ್ಪನವರ ಕಡೆಯವರು. ತಕ್ಕಡಿ ಪಕ್ಷ ಅಂತಲೇ ಜನ ಅವರನ್ನು ಕರೆದರು. ಆಗ ಕೊಡಗಿನ ಜನಸಂಖ್ಯೆ, 1951ರ ಜನಗಣತಿ ಪ್ರಕಾರ, 2 ಲಕ್ಷ 29 ಸಾವಿರ. ಅಂದರೆ ಹತ್ತು ಸಾವಿರ ಜನಕ್ಕೂ ಕಡಿಮೆ ಇದ್ದಲ್ಲಿ ಒಬ್ಬ ಶಾಸಕ. ಆ ಶಾಸಕ ಯಾವ ಮನೆತನದವರು, ತೋಟ ಎಲ್ಲಿದೆ, ಸಂತೆ ದಿನ ಯಾವ ಅಂಗಡಿ ಮುಂದೆ ಕೂರುತ್ತಾರೆ, ಎಲ್ಲ ಜನಕ್ಕೆ ಗೊತ್ತು.

1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಅಂತ ಮೂರು ಕ್ಷೇತ್ರ ಬಹಳ ಕಾಲ ಇದ್ದವು. 2008ರ ಚುನಾವಣೆಗೆ ಅದರಲ್ಲೂ ಒಂದು ಹೋಯಿತು. ಈಗ ಎರಡೇ. 2011ರ ಜನಗಣತಿಯಲ್ಲಿ ನಾವು 5 ಲಕ್ಷ 54 ಸಾವಿರ ಜನ. ಒಬ್ಬೊಬ್ಬ ಶಾಸಕರ ಪಾಲಿಗೆ 2 ಲಕ್ಷ 77 ಸಾವಿರ. ಲೋಕಸಭೆಯ ಕತೆ ಇನ್ನೂ ದೂರ. 2008ಕ್ಕೆ ಮೊದಲು ನಮ್ಮ ಸಂಸದರು ಘಟ್ಟದ ಕೆಳಗಿನ ಮಂಗಳೂರು ಕ್ಷೇತ್ರದವರು, ಆಮೇಲೆ ಮೈಸೂರಿನ ಜೊತೆ ಸೇರಿಸಿದರು.

ಈ ಲೆಕ್ಕ ಯಾಕೆ ಹೇಳಿದೆ ಅಂದರೆ, ಕ್ಷೇತ್ರ ಇಷ್ಟು ದೊಡ್ಡದಾದರೂ ನಾವು ಶಾಸಕರನ್ನು ಅಳೆಯುವ ರೀತಿ ಮಾತ್ರ 1952ರದ್ದೇ. ಮದುವೆಗೆ ಬಂದರಾ? ಸಾವಿಗೆ ಬಂದರಾ? ಹಾಕಿ ಪಂದ್ಯಕ್ಕೆ ಬಂದು ಕೂತರಾ? ನಮ್ಮ ಅಜ್ಜಂದಿರ ಕಾಲದಲ್ಲಿ ಅದು ನ್ಯಾಯವಾದ ಪ್ರಶ್ನೆ. ಈಗ 2 ಲಕ್ಷ 77 ಸಾವಿರ ಜನರ ಮದುವೆ, ಸಾವು, ಗೃಹಪ್ರವೇಶ ಎಲ್ಲದಕ್ಕೂ ಹೋಗುವ ಶಾಸಕ ಕಡತ ಓದುವುದು ಯಾವಾಗ? ವಿಧಾನಸಭೆಯಲ್ಲಿ ಪ್ರಶ್ನೆ ಕೇಳುವುದು ಯಾವಾಗ? ಮೇ ತಿಂಗಳ ಒಂದು ಭಾನುವಾರ ವಿರಾಜಪೇಟೆಯಿಂದ ಕುಶಾಲನಗರದವರೆಗೆ ಎಷ್ಟು ಕಲ್ಯಾಣ ಮಂಟಪ ತುಂಬಿರುತ್ತವೆ ನೋಡಿ, ಅಲ್ವಾ? ಊಟದ ಹೊತ್ತಿಗೆ ಬಂದು, ವಧೂವರರ ಜೊತೆ ಫೋಟೊ ತೆಗೆಸಿಕೊಂಡು, ಊಟ ಮಾಡದೆ ಓಡುವ ಶಾಸಕರನ್ನು ಕಂಡರೆ ನನಗೆ ಕೋಪಕ್ಕಿಂತ ಕನಿಕರವೇ ಜಾಸ್ತಿ.

ನಾನು ಪಂಚಾಯಿತಿ ಕೆಲಸದಲ್ಲಿದ್ದು ನಿವೃತ್ತಿ ಆದವನು. ಕಚೇರಿಯ ಒಳಗಿನ ಒಂದು ಗುಟ್ಟು ಹೇಳಿಬಿಡುತ್ತೇನೆ. ಜನ ಶಾಸಕರ ಹತ್ತಿರ, ಸಚಿವರ ಹತ್ತಿರ ಹೋಗಿ ಶಿಫಾರಸು ಪತ್ರ ತರುತ್ತಾರೆ. ದಪ್ಪ ಕಾಗದ, ಮೇಲೆ ಲಾಂಛನ, ಕೆಳಗೆ ಸಹಿ. 'ಸೂಕ್ತ ಕ್ರಮಕ್ಕಾಗಿ' ಅಂತ ಒಂದು ಸಾಲು. ತಂದವರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಆದರೆ ಪತ್ರದ ಹಿಂದೆ ಒಂದು ಫೋನ್ ಬಂದರೆ ಮಾತ್ರ ಅದು ಪತ್ರ. ಫೋನ್ ಬರಲಿಲ್ಲ ಅಂದರೆ ತಂದವರ ಸಮಾಧಾನಕ್ಕೆ ಕೊಟ್ಟದ್ದು. ಇದು ಕೊಟ್ಟವರಿಗೂ ಗೊತ್ತು, ಮೇಜಿನ ಈಚೆ ಕೂತ ನಮಗೂ ಗೊತ್ತು. ಗೊತ್ತಿಲ್ಲದವರು ಆ ಕವರ್ ಹಿಡಿದವರೊಬ್ಬರೇ. 'ಸಾಹೇಬರು ಬರೆದುಕೊಟ್ಟಿದ್ದಾರೆ, ಇನ್ನೂ ಆಗಿಲ್ವಲ್ಲ' ಅಂತ ತಿಂಗಳುಗಟ್ಟಲೆ ಓಡಾಡುತ್ತಾರೆ. ಎಷ್ಟೋ ಸಲ ಆ ಕೆಲಸ ನಿಯಮದಲ್ಲಿ ಆಗುವಂಥದ್ದೇ ಅಲ್ಲ. 'ಇದು ಆಗಲ್ಲ, ಸುಮ್ನೆ ಅಲೆಯಬೇಡಿ' ಅಂತ ಮೊದಲ ದಿನವೇ ಹೇಳಬಹುದಿತ್ತು. ಹೇಳಿದರೆ ವೋಟು ಹೋಗುತ್ತದೆ ಅನ್ನುವ ಭಯ.

ಹಾಗೆ ಮುಖಕ್ಕೆ ಹೇಳುವ ರಾಜಕಾರಣಿಗಳೂ ಇದ್ದರು, ಇಲ್ಲ ಅಂತಲ್ಲ. ಅವರಿಗೆ ಸಿಕ್ಕ ಹೆಸರು ಏನು ಗೊತ್ತಾ? 'ಅಹಂಕಾರ.' ನಂಬಿಕೆ ಹೋಗಿದೆ ಅಂತ ನಾವು ಗೋಳಾಡುತ್ತೇವಲ್ಲ, ಇದರಲ್ಲಿ ನಮ್ಮ ಪಾಲೂ ಇದೆ.

ಇನ್ನು ದುಡ್ಡು. ಕರ್ನಾಟಕದಲ್ಲಿ ಒಬ್ಬ ಶಾಸಕರಿಗೆ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಕೇಳಲು ದೊಡ್ಡ ಮೊತ್ತ. 2 ಲಕ್ಷ 77 ಸಾವಿರ ಜನಕ್ಕೆ ಹಂಚಿ ನೋಡಿ. ತಲೆಗೆ 72 ರೂಪಾಯಿ. ಇದರಲ್ಲೇ ಸಮುದಾಯ ಭವನ, ತೋಡಿಗೆ ಮೋರಿ, ಶಾಲೆ ಕಾಂಪೌಂಡು. ರಸ್ತೆಗೆ ಬರುವ ದೊಡ್ಡ ದುಡ್ಡು ಇಲಾಖೆಗಳದ್ದು. ಆದರೆ ಬೋರ್ಡಿನಲ್ಲಿ ಫೋಟೊ ಮಾತ್ರ ರಾಜಕಾರಣಿಯದ್ದು. ಮಳೆಗಾಲದಲ್ಲಿ ಡಾಂಬರು ಕಿತ್ತುಹೋದರೆ ಬೈಗುಳವೂ ಆ ಫೋಟೊಗೇ. ಫೋಟೊ ಹಾಕಿಸಿಕೊಂಡವರು ಬೈಗುಳವನ್ನೂ ಹೊರಬೇಕು, ಅದರಲ್ಲಿ ಅನ್ಯಾಯ ಏನೂ ಇಲ್ಲ.

ಸಾಮಾನ್ಯವಾಗಿ ಒಂದು ಮಾತು ಬರುತ್ತದೆ: 'ಸೈನ್ಯದವರ ಕೈಗೆ ಕೊಡಬೇಕು, ಎಲ್ಲ ಸರಿಹೋಗುತ್ತೆ.' ಕೊಡಗಿನಲ್ಲಿ ಈ ಮಾತು ಬರದೆ ಇರುತ್ತದೆಯೇ? ಮನೆಮನೆಯಲ್ಲೂ ಯೂನಿಫಾರ್ಮಿನ ಫೋಟೊ ಇರುವ ಜಾಗ ಇದು. ದೇಶದಲ್ಲಿ ನಡೆದ ಸಮೀಕ್ಷೆಗಳಲ್ಲೂ ಹೀಗೇ ಬಂದಿದೆ. ಜನ ಹೆಚ್ಚು ನಂಬುವುದು ಸೇನೆಯನ್ನು, ಕಡಿಮೆ ನಂಬುವುದು ರಾಜಕೀಯ ಪಕ್ಷಗಳನ್ನು. ಆದರೆ ನಮ್ಮ ಕಾರ್ಯಪ್ಪನವರನ್ನೇ ನೋಡಿ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದವರು. ಅವರ ಪ್ರಾಮಾಣಿಕತೆ ಬಗ್ಗೆ ವಿರೋಧಿಗಳೂ ಎರಡು ಮಾತು ಆಡಲಿಲ್ಲ. ಅಂಥವರು 1971ರಲ್ಲಿ ಬೊಂಬಾಯಿಯಿಂದ ಲೋಕಸಭೆಗೆ ನಿಂತು ಸೋತರು. ಜನ ಅವರಿಗೆ ಅಗೌರವ ತೋರಿಸಿದರು ಅಂತ ನಾನು ತಿಳಿಯುವುದಿಲ್ಲ. ಗೌರವ ಕೊಡುವುದು ಬೇರೆ, ನಮ್ಮ ನಲ್ಲಿ ನೀರಿಗೆ, ರೇಷನ್ ಕಾರ್ಡಿಗೆ ಇವರ ಹಿಂದೆ ಓಡಬಹುದಾ ಅಂತ ನೋಡುವುದು ಬೇರೆ. ಆದೇಶಕ್ಕೆ ನಡೆಯುವ ಸಂಸ್ಥೆಯನ್ನೂ ಜಗಳದಿಂದಲೇ ನಡೆಯುವ ಸಂಸ್ಥೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ.

ಪರಿಚಯ ಇದ್ದರೆ ನಂಬಿಕೆ ತಾನಾಗಿ ಬರುತ್ತದೆ ಅನ್ನುವುದೂ ಪೂರ್ತಿ ನಿಜ ಅಲ್ಲ. ಕುಶಾಲನಗರದ ಗುಂಡೂರಾಯರು 1980ರಲ್ಲಿ ಮುಖ್ಯಮಂತ್ರಿ ಆದರು. ಊರಿನ ಹುಡುಗ ವಿಧಾನಸೌಧದಲ್ಲಿ ಕೂತರು. ಆದರೆ ನರಗುಂದ, ನವಲಗುಂದದ ರೈತ ಹೋರಾಟ ಬಂತು, ಗೋಕಾಕ್ ಚಳವಳಿ ಬಂತು. 1983ರಲ್ಲಿ ಅವರ ಸರ್ಕಾರವೂ ಹೋಯಿತು, ಅವರೂ ಸೋಮವಾರಪೇಟೆಯಲ್ಲೇ ಸೋತರು. ಅವರ ಹೆಸರು ಮುಖ ಗೊತ್ತಿಲ್ಲದವರು ಆ ಕ್ಷೇತ್ರದಲ್ಲಿ ಯಾರಿದ್ದರು? ಗೊತ್ತಿದ್ದೂ ಸೋಲಿಸಿದರು. ಆ ಮತದಾರರನ್ನು ನಾನು ಮೆಚ್ಚುತ್ತೇನೆ. ಅವರ ತೀರ್ಮಾನ ಸರಿಯೋ ತಪ್ಪೋ ಅದು ಬೇರೆ ಮಾತು.

2018ರ ಆಗಸ್ಟ್ ನಿಮಗೆ ನೆನಪಿರುತ್ತದೆ. ಜೋಡುಪಾಲ, ಮಕ್ಕಂದೂರು, ಮೊಣ್ಣಂಗೇರಿ, ಮುಕ್ಕೋಡ್ಲು. ಬೆಟ್ಟ ಜಾರಿ ಬಂತು. ಆ ದಿನಗಳಲ್ಲಿ ಬಂದಷ್ಟು ಮುಖಂಡರು ಕೊಡಗಿಗೆ ಹಿಂದೆಂದೂ ಒಟ್ಟಿಗೆ ಬಂದಿರಲಿಕ್ಕಿಲ್ಲ. ಎಲ್ಲರೂ ಭರವಸೆ ಕೊಟ್ಟರು. ಕೊನೆಗೆ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಮನೆಗಳು ಎದ್ದವು. ತಡವಾಯಿತು, ತಕರಾರುಗಳೂ ಇದ್ದವು, ಆದರೂ ಎದ್ದವು. ಅಲ್ಲಿ ಬೀಗದ ಕೈ ಪಡೆದವರನ್ನು ಕೇಳಿದರೆ ಯಾವ ಮುಖಂಡ ಬಂದು ಕಣ್ಣೀರು ಹಾಕಿದ ಅಂತ ಹೇಳುವುದಿಲ್ಲ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿತ್ತು, ಯಾರು ಸೇರಿಸಿಕೊಟ್ಟರು ಅನ್ನುವುದನ್ನು ಹೇಳುತ್ತಾರೆ.

ದಿಡ್ಡಳ್ಳಿಯೂ ಹಾಗೆಯೇ. 2016ರ ಡಿಸೆಂಬರ್ ಚಳಿಯಲ್ಲಿ ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತುಹಾಕಿದರು. ದೊಡ್ಡ ಹೋರಾಟ ಆಯಿತು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟು ಮನೆ ಕಟ್ಟಿಸಿದರು. ತೋಟದ ಲೈನ್ ಮನೆಯಲ್ಲೇ, ಅಂದರೆ ಕೂಲಿಯವರ ಸಾಲುಮನೆಯಲ್ಲೇ ಹುಟ್ಟಿ, ಅಲ್ಲೇ ಮುದುಕರಾಗುವ ಜನಕ್ಕೆ ರಾಜಕಾರಣಿ ಮದುವೆಗೆ ಬರುವ ಪ್ರಶ್ನೆಯೇ ಇಲ್ಲ. ಅವರು ಕೇಳುವುದು ಹಕ್ಕುಪತ್ರ. ನಂಬಿಕೆಯ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗಿಂತ ಜಾಣರು ಅವರೇ ಅಂತ ನನಗೆ ಅನಿಸುವುದುಂಟು.

ಪರಿಶೀಲಿಸಿ ನೋಡುವವರಿಗೆ ದಾರಿಗಳು ಇವೆ. ಚುನಾವಣೆಗೆ ನಿಲ್ಲುವವರು ಆಸ್ತಿ, ಸಾಲ, ಮೊಕದ್ದಮೆ ಎಲ್ಲ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ, ಮೊಕದ್ದಮೆ ಇರುವವರು ಅದನ್ನು ಪತ್ರಿಕೆಯಲ್ಲಿ ಮೂರು ಸಲ ಹಾಕಿಸಬೇಕು. ಹಾಕಿಸುತ್ತಾರೆ, ಕನ್ನಡಕ ಇದ್ದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ! ಗೆದ್ದ ಮೇಲೆ ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು.

ನಮ್ಮ ಹತ್ತಿರಕ್ಕೆ ಇನ್ನೊಂದು ಮೆಟ್ಟಿಲು ಇತ್ತು, ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿ. 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು. ಅಷ್ಟೇ. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ನಡೆಸಿದರು. ಶಾಸಕರ ಮನೆ ಮುಂದೆ ಸಾಲು ಉದ್ದ ಆಗದೆ ಇನ್ನೇನಾಗುತ್ತದೆ? ಮೋರಿ ಕಟ್ಟಿಕೊಂಡರೂ ಅವರನ್ನೇ ಕೇಳಬೇಕು ಅನ್ನುವ ಸ್ಥಿತಿ. ನನ್ನನ್ನು ಕೇಳಿದರೆ, ಕೊಡಗಿನಲ್ಲಿ ರಾಜಕಾರಣಿಗಳ ಮೇಲಿನ ನಂಬಿಕೆ ಕರಗಲು ಭ್ರಷ್ಟಾಚಾರದಷ್ಟೇ ಇದೂ ಕಾರಣ. ನಡುವಿನ ಜನವೇ ಇಲ್ಲ.

ಉಳಿದದ್ದು ಗ್ರಾಮ ಪಂಚಾಯಿತಿ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಸದಸ್ಯರ ಮನೆ ನಿಮಗೆ ಗೊತ್ತು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಲೇಬೇಕು. ಆಗುತ್ತದೆ ಕೂಡ, ಹೆಚ್ಚಾಗಿ ಖಾಲಿ ಕುರ್ಚಿಗಳ ಮುಂದೆ. ಕಾಫಿ ಕೊಯ್ಲಿನ ಸಮಯ ಅಂತ ಒಬ್ಬರು, ಮಳೆ ಅಂತ ಇನ್ನೊಬ್ಬರು. ಮುಂದಿನ ಸಲ ನೋಟೀಸು ಬಂದಾಗ ಹೋಗಿ. ಹೋದವರು ಹೊಸ ಅರ್ಜಿ ಕೊಡುವ ಮೊದಲು, ಕಳೆದ ಸಭೆಯ ನಡಾವಳಿ ಓದಿ ಹೇಳಿ ಅಂತ ಕೇಳಿ. ಪುಸ್ತಕ ಅಲ್ಲೇ ಮೇಜಿನ ಮೇಲೆ ಇರುತ್ತದೆ. ಇಲ್ಲ ಅಂದರೆ ತರಿಸಿ. ಓದುವುದಕ್ಕೆ ಹತ್ತು ನಿಮಿಷ ಸಾಕು.

ನಮಸ್ಕಾರ.