ವಿಷವೆಂಬ ಹೆಸರು, ಮೂರು ತಿಂಗಳ ಮದ್ದು

ಕೇಳುಗರಿಗೆ ನಮಸ್ಕಾರ.

ಬೊಟಾಕ್ಸ್ ಎಂದರೆ ನಿಮ್ಮ ಕಣ್ಣ ಮುಂದೆ ಬರುವುದು ಸುಕ್ಕಿಲ್ಲದ ಮುಖ. ಆ ಮಾತು ಇವತ್ತು ಬೇಡ. ನಾನು ನರರೋಗಗಳ ವೈದ್ಯ. ನನ್ನಲ್ಲಿಗೆ ಈ ಇಂಜೆಕ್ಷನ್‌ಗಾಗಿ ಬರುವವರ ಕಷ್ಟವೇ ಬೇರೆ. ಒಬ್ಬರಿಗೆ ಕಣ್ಣುರೆಪ್ಪೆ ತಾನಾಗಿ ಬಿಗಿದು ಮುಚ್ಚಿಕೊಳ್ಳುತ್ತದೆ. ಇನ್ನೊಬ್ಬರಿಗೆ ಪೆನ್ನು ಹಿಡಿದರೆ ಸಾಕು, ಬೆರಳು ಸೆಟೆದುಕೊಳ್ಳುತ್ತವೆ. ಇಂಥ ತೊಂದರೆಗಳಿಗೆ ಡಿಸ್ಟೋನಿಯಾ ಎನ್ನುತ್ತೇವೆ.

ಮದ್ದಿನ ಹೆಸರು ಬಾಟ್ಯುಲಿನಂ ಟಾಕ್ಸಿನ್. ಹೌದು, ವಿಷವೇ. ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಇದನ್ನು ತಯಾರಿಸುತ್ತದೆ. ಹಾಳಾದ ಸಾಸೇಜ್ ತಿಂದು ಸತ್ತವರನ್ನು ಕಂಡ ಜರ್ಮನಿಯ ವೈದ್ಯ ಯುಸ್ಟಿನಸ್ ಕೆರ್ನರ್, ತೀರಾ ಸ್ವಲ್ಪ ಕೊಟ್ಟರೆ ಇದೇ ಮದ್ದಾದೀತು ಎಂದು 1822ರಲ್ಲೇ ಬರೆದಿದ್ದರು. ಅದನ್ನು ಮಾಡಿ ತೋರಿಸಿದವರು ಅಮೆರಿಕದ ಕಣ್ಣಿನ ವೈದ್ಯ ಆಲನ್ ಸ್ಕಾಟ್, ಮೆಳ್ಳಗಣ್ಣಿಗೆ. 1989ರಲ್ಲಿ ಅಲ್ಲಿ ಅನುಮತಿಯೂ ಸಿಕ್ಕಿತು.

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದರೆ ಸ್ನಾಯು ಬಿಗಿಯುತ್ತದೆ. ಈ ಮದ್ದು ಅದು ಹೊರಬರದಂತೆ ತಡೆಯುತ್ತದೆ. ಸ್ನಾಯು ಸಡಿಲವಾಗುತ್ತದೆ. ಸುಮಾರು ಮೂರು ತಿಂಗಳಿಗೆ ನರ ಚೇತರಿಸಿಕೊಳ್ಳುತ್ತದೆ, ಬಿಗಿತ ಮರಳುತ್ತದೆ. ಮೂರು ತಿಂಗಳು. ದಯವಿಟ್ಟು ಬರೆದಿಟ್ಟುಕೊಳ್ಳಿ.

ಒಬ್ಬರ ವಿಷಯ ಹೇಳಲೇಬೇಕು. ಅವರ ಕತ್ತು ಎಡಕ್ಕೆ ತಿರುಚಿಕೊಂಡೇ ಇರುತ್ತಿತ್ತು. ಎದುರಿಗೆ ಕೂತವರೊಡನೆ ಮಾತಾಡಬೇಕಾದರೆ ಇಡೀ ಮೈಯನ್ನೇ ಬಲಕ್ಕೆ ತಿರುಗಿಸಿ ಕೂರುತ್ತಿದ್ದರು. ಆದರೆ ಗಲ್ಲಕ್ಕೆ ಒಂದು ಬೆರಳು ಮುಟ್ಟಿಸಿದರೆ ಸಾಕು, ಕತ್ತು ನೆಟ್ಟಗಾಗುತ್ತಿತ್ತು! ಒತ್ತುವುದೂ ಬೇಡ, ಬರಿ ಮುಟ್ಟಿದರಾಯಿತು. ಮನೆಯವರಿಗೆ ಅಷ್ಟೇ ಸಿಕ್ಕಿತು. "ನೋಡಿ ಡಾಕ್ಟ್ರೇ, ಬೆರಳಿಗೆ ಬಗ್ಗುತ್ತೆ ಅಂದ್ರೆ ಇವರದ್ದು ನಾಟಕ ಅಲ್ವಾ?" ನನಗೆ ಸಿಟ್ಟು ಬಂತು. ನಾಟಕವಲ್ಲ ಸ್ವಾಮಿ, ಈ ಕಾಯಿಲೆಯ ಗುರುತೇ ಅದು! ಹಾಗೆ ಮುಟ್ಟಿದಾಗ ಬಿಗಿತ ಕೆಲಹೊತ್ತು ಸಡಿಲಿಸುತ್ತದೆ. ಅದನ್ನು ಕಂಡ ಮೇಲೆ ನನಗೆ ಅನುಮಾನವೇ ಉಳಿಯಲಿಲ್ಲ. ಯಾವ ಸ್ನಾಯು ಎಳೆಯುತ್ತಿದೆಯೆಂದು ಕೈಯಿಂದ ಮುಟ್ಟಿ, ಸ್ನಾಯುವಿನ ವಿದ್ಯುತ್ ಮಿಡಿತವನ್ನು ಸದ್ದಾಗಿ ಕೇಳಿಸುವ ಇಎಂಜಿ ಯಂತ್ರದಲ್ಲಿ ಅದರ ಸದ್ದು ಕೇಳಿ, ಅಲ್ಲಲ್ಲೇ ಚುಚ್ಚಿದೆ. ಎರಡು ವಾರ ಕಳೆಯುವಷ್ಟರಲ್ಲಿ ಆ ಮನುಷ್ಯ ನೆಟ್ಟಗೆ ಕೂತು ನನ್ನ ಮುಖ ನೋಡಿ ಮಾತಾಡಿದರು.

ಆಮೇಲೆ ನಾಪತ್ತೆ. ಬಹಳ ಕಾಲವಾದ ಮೇಲೆ ಬಂದರು, ಕತ್ತು ಮತ್ತೆ ಎಡಕ್ಕೆ. "ಔಷಧ ಕೈಕೊಡ್ತು ಅಂತ ಸುಮ್ಮನಾದೆ" ಅಂದರು. ಕೈಕೊಟ್ಟಿಲ್ಲ, ಅವಧಿ ಮುಗಿದಿದೆ! ಮೂರು ತಿಂಗಳು ಎಂದು ಚೀಟಿಯಲ್ಲೇ ಬರೆದಿದ್ದೆ. ಮತ್ತೆ ಕೊಟ್ಟೆ, ಮತ್ತೆ ನೆಟ್ಟಗಾಯಿತು. ಈಗ ತಪ್ಪದೆ ಬರುತ್ತಾರೆ.

ಗಾಜಿನಾಚೆಯಿಂದ ಸಮಯವಾಯಿತೆಂದು ಸನ್ನೆ ಬರುತ್ತಿದೆ. ಉಳಿದದ್ದನ್ನು ಓಡಿಸುತ್ತೇನೆ. ಪಾರ್ಶ್ವವಾಯುವಿನ ನಂತರ ಮುಷ್ಟಿ ಬಿಗಿದು ಉಗುರು ಅಂಗೈಗೆ ಚುಚ್ಚುವವರಿಗೆ ಇದು ಉಪಯೋಗ. ಜೊತೆಗೆ ವ್ಯಾಯಾಮ ಬೇಕೇ ಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಜೊಲ್ಲು ಸುರಿಯುವುದಕ್ಕೂ ಕೊಡುತ್ತೇವೆ. ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ತಲೆನೋವಿರುವ ಮೈಗ್ರೇನ್‌ಗೆ ಹಣೆ, ತಲೆ, ಕತ್ತು, ಭುಜಗಳಲ್ಲಿ 31 ಕಡೆ ಚುಚ್ಚುತ್ತೇವೆ. ಸಣ್ಣ ಸೂಜಿ, ಹೆದರಬೇಡಿ. ಅದೂ 12 ವಾರಕ್ಕೊಮ್ಮೆ, ಅಂದರೆ ಮತ್ತೆ ಅದೇ ಮೂರು ತಿಂಗಳು.

ಇಂಜೆಕ್ಷನ್ ಆದ ಮೇಲೆ ನುಂಗುವುದು ಕಷ್ಟವಾದರೆ, ಉಸಿರಿಗೆ ತೊಂದರೆಯಾದರೆ, ಮುಂದಿನ ತಾರೀಖಿಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನಮಸ್ಕಾರ.